ಕಾಕಿ ಕೇಳಿದ ಹಲ್ಲು

ಹೋದ ತಿಂಗಳು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಅಂಗಡಿಯಲ್ಲಿ ಖಡಕ್ ರೊಟ್ಟಿಯ ಪಾಕೀಟು ಕೈಗೆ ತೆಗೆದುಕೊಂಡೆ. ಮನೆಗೆ ಬೀಗರು ಬರುವವರಿದ್ದರು, ರೊಟ್ಟಿ ಬಡಿಯುವಷ್ಟು ಪುರಸೊತ್ತು ನನಗಿರಲಿಲ್ಲ. ಪ್ಲಾಸ್ಟಿಕ್ಕಿನ ಒಂದು ಮೂಲೆ ಹರಿದಿತ್ತು. ಅಲ್ಲಿಂದ ಸುಟ್ಟ ಜೋಳದ ವಾಸನೆ ಬಂತು, ಇನ್ನೊಂದು ಕ್ಷಣ ಬಿಟ್ಟರೆ ಸೀದುಹೋಗುತ್ತದೆ ಎನ್ನುವಾಗ ಹಂಚಿನಿಂದ ಏಳುತ್ತದಲ್ಲ, ಆ ವಾಸನೆ. ಪಾಕೀಟಿನ ಮೇಲೆ ಒಬ್ಬ ಮುದುಕಿಯ ಚಿತ್ರವಿತ್ತು. ತಲೆಯ ಮೇಲೆ ಸೆರಗು, ಹಣೆಗೆ ಅಗಲ ಕುಂಕುಮ, ಕೈಯಲ್ಲಿ ರೊಟ್ಟಿ. ಆಕೆ ಬಾಯಿ ತುಂಬ ನಗುತ್ತಿದ್ದಳು. ಬಾಯಿ ತುಂಬ ಹಲ್ಲಿದ್ದವು. ಒಂದೂ ಬಿದ್ದಿಲ್ಲ, ಒಂದೂ ಕರ್ರಗಾಗಿಲ್ಲ.

ನನಗೆ ಸಿಟ್ಟು ಬಂತು. ಅಂಗಡಿಯವನು "ಏನ್ರಿ ಮೇಡಂ, ಡೇಟು ಮುಗದೈತೇನು?" ಎಂದು ಕೇಳಿದ. ಇಲ್ಲ ಎಂದು ರೊಕ್ಕ ಕೊಟ್ಟು ಬಂದೆ. ದಾರಿ ತುಂಬ ಆ ಸಿಟ್ಟು ಇಳಿಯಲಿಲ್ಲ.

ಜೀವಮಾನವೆಲ್ಲ ರೊಟ್ಟಿ ಬಡಿದ ಒಬ್ಬ ಹೆಂಗಸನ್ನು ನಾನು ಬಲ್ಲೆ. ಆಕೆಯ ಬಾಯಿ ಹೀಗಿರಲಿಲ್ಲ.

ಇಳಕಲ್ಲಿನಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧ ಏನಿಲ್ಲ. ನನಗೆ ಮಾತು ಬಂದಾಗಿನಿಂದ ಆಕೆ ಕಾಕಿ, ಆಕೆಯ ಗಂಡ ಕಾಕಾ. ಕಾಕಾ ಊರಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಬಂದವರಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ಮಾಡುತ್ತಿದ್ದರು. ಒಬ್ಬನೇ ಮಗ, ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತಿದ್ದ. ಕಾಕಿ ಓಣಿಯ ನಾಲ್ಕಾರು ಮನೆಗಳಿಗೂ ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಗೂ ರೊಟ್ಟಿ ಮಾಡಿಕೊಡುತ್ತಿದ್ದಳು. ನಮ್ಮ ಮನೆಗೂ ಆಕೆಯದೇ ರೊಟ್ಟಿ. ಅಪ್ಪ ಕಲ್ಲಿನ ಖಣಿಗೆ ಹೋಗುತ್ತಿದ್ದ, ಅವ್ವ ಮಂದಿಯ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಒಲೆಯ ಮುಂದೆ ಕೂಡುವಷ್ಟು ಹೊತ್ತು ಅವ್ವನಿಗೆ ಸಿಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕದ್ದಲ್ಲ. ಹತ್ತನೆಯ ತರಗತಿ ಪಾಸಾದಾಗ ಅಪ್ಪ, ಹೆಣ್ಣುಮಗಳಿಗೆ ಇಷ್ಟು ಸಾಕು ಎಂದುಬಿಟ್ಟಿದ್ದ. ಅದು ಗೋಡೆಯಾಚೆ ಕಾಕಿಗೆ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಹುಡುಗಿ ಸಾಲಿ ಬಿಡಿಸಿದ್ರ ನಾಳಿಂದ ನಿಮ್ಮ ಮನಿಗೆ ರೊಟ್ಟಿ ಬಂದ್ ನೋಡಪಾ. ನೀನ ಬಡಕೊ, ನೀನ ತಿನ್ನು."

ಅಪ್ಪ ನಕ್ಕ. ಮರುದಿನ ರೊಟ್ಟಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವ್ವ ಅನ್ನ ಮಾಡಿದಳು. ಅನ್ನವನ್ನು ಊಟ ಎಂದು ಕರೆಯದ ಮನುಷ್ಯ ನನ್ನಪ್ಪ. ಕಲ್ಲು ಹೊತ್ತು ಬಂದು ಅನ್ನದ ತಾಟಿನ ಮುಂದೆ ಕೂತು, "ಆಕಿಗೆ ಹೇಳ ಹೋಗ, ಕಾಲೇಜಿಗೆ ಹೆಸರು ಹಚ್ಚತೇನಂತ" ಎಂದ. ಅಂದು ಸಂಜೆ ಕಾಕಿ ತಂದುಕೊಟ್ಟ ರೊಟ್ಟಿಗಳ ಮೇಲೆ ಬೆಣ್ಣೆಯೂ ಇತ್ತು.

ಮುಂದೆ ಡಿಗ್ರಿಗೆ ಬಾಗಲಕೋಟೆಗೆ ಬಂದು ಹಾಸ್ಟೆಲ್ಲಿನಲ್ಲಿ ಉಳಿದೆ. ಇಳಕಲ್ಲಿನಿಂದ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನ್ನ ಬುತ್ತಿ ಬರುತ್ತಿತ್ತು. ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ರೊಟ್ಟಿ, ಜೊತೆಗೆ ನಂಜಿಕೊಳ್ಳಲು ಶೇಂಗಾ ಹಿಂಡಿ. ನಿಲ್ದಾಣದಲ್ಲಿ ಕಾದು ನಿಂತು, ಆ ಗಂಟು ಎದೆಗವಚಿಕೊಂಡು ಓಡುತ್ತಿದ್ದೆ. ಗಂಟು ಬಿಚ್ಚಿದರೆ ಇದೇ ವಾಸನೆ...

ಇನ್ನು ಹಲ್ಲಿನ ಮಾತು.

ಕಾಕಿಯ ಹಲ್ಲು ಒಮ್ಮೆಲೇ ಹೋಗಲಿಲ್ಲ. ಒಂದೊಂದಾಗಿ ಹೋದವು, ಮನೆಗೊಂದು ಖರ್ಚು ಬಂದಾಗ ಒಂದರಂತೆ. ಮೊದಲ ದವಡೆ ಹಲ್ಲು ನೋಯತೊಡಗಿದಾಗ ಮಗನ ಟಂಟಂಗೆ ಮುಂಗಡ ಕಟ್ಟುವುದಿತ್ತು. ಒಳಗಿನ ನರ ತೆಗೆದು ಮೇಲೊಂದು ಟೋಪಿ ಕೂಡಿಸಿದರೆ ಹಲ್ಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರಂತೆ. ಅದಕ್ಕೆಷ್ಟು ಎಂದು ಕೇಳಿದಳು. ಕೀಳುವುದಕ್ಕೆಷ್ಟು ಎಂದೂ ಕೇಳಿದಳು. ಕೀಳಿಸಿಕೊಂಡು, ಗಲ್ಲಕ್ಕೆ ಸೆರಗು ಒತ್ತಿಕೊಂಡು ಬಂದು, ಸಂಜೆಯ ರೊಟ್ಟಿಗೆ ಕೂತಳು. ಆಮೇಲೆ ನಾದಿನಿಯ ದೊಡ್ಡ ಮಗಳ ಕುಬಸ, ಎಂದರೆ ಸೀಮಂತ, ಬಂತು, ಮಗನ ಮದುವೆ ಬಂತು, ಮಾಳಿಗೆ ಸೋರಿತು, ಟಂಟಂನ ಎಂಜಿನ್ನು ಕೈಕೊಟ್ಟಿತು. ಪ್ರತಿ ಸಲವೂ ಉಳಿಸುವುದು ತುಟ್ಟಿ, ಕೀಳಿಸುವುದು ಅಗ್ಗ. ಆ ಮನೆಯ ಖರ್ಚು ಯಾವ ವರ್ಷ ಎಲ್ಲಿ ಹೆಚ್ಚಾಯಿತು ಎಂದು ತಿಳಿಯಬೇಕಾದರೆ ಆಕೆಯ ಬಾಯಿ ತೆರೆದು ನೋಡಿದರೆ ಸಾಕಿತ್ತು.

ಆಕೆಗೆ ಆಗ ಐವತ್ತು ದಾಟಿ ಸ್ವಲ್ಪ ಆಗಿತ್ತು, ಅಷ್ಟೇ. ಗಲ್ಲ ಒಳಗೆ ಹೋಗಿ, ಮೂಗೂ ಗದ್ದವೂ ಹತ್ತಿರ ಬಂದು, ಓಣಿಯ ಹುಡುಗರು ಅಜ್ಜಿಗೆ ಕರೆದಂತೆ ಆಯಿ ಎನ್ನತೊಡಗಿದ್ದರು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಬಟ್ಟಲಿಗೆ ಹಾಕಿ, ಬಿಸಿ ಸಾರು ಸುರಿದು, ಮೇಲೆ ತಾಟು ಮುಚ್ಚಿ ಕಾಯುತ್ತಿದ್ದಳು. ಉಳಿದವರೆಲ್ಲ ಉಂಡು ಕೈ ತೊಳೆದರೂ ಆಕೆಯ ಬಟ್ಟಲು ಮುಚ್ಚಿಯೇ ಇರುತ್ತಿತ್ತು. "ಮದ್ಲ ನನ್ನ ಕಂಡ್ರ ರೊಟ್ಟಿ ಹೆದರತಿತ್ತು. ಈಗ ನಾ ರೊಟ್ಟಿಗೆ ಹೆದರತೇನಿ" ಎನ್ನುತ್ತಿದ್ದಳು. ನಗುವಾಗ ಸೆರಗು ಬಾಯಿಗೆ ಬರುತ್ತಿತ್ತು. ಶೇಂಗಾ ಬಿಟ್ಟಳು, ಪುಟಾಣಿ ಕಡಲೆ ಬಿಟ್ಟಳು, ಪೇರಲ ಹಣ್ಣು ಬಿಟ್ಟಳು. ಯಾವುದನ್ನೂ ಬಿಟ್ಟೆ ಎಂದು ಹೇಳಿ ಬಿಡಲಿಲ್ಲ. ಬಾಯಿಗೆ ಹತ್ತೂದಿಲ್ಲ ಎಂದಳು. ರುಚಿ ಇಲ್ಲ ಎಂಬಂತೆ.

ಅಷ್ಟರಲ್ಲಿ ಸರ್ಕಾರ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗಿಷ್ಟು ಎಂದು ರೊಕ್ಕ ಹಾಕತೊಡಗಿತು. ಕಾಗದದ ಮೇಲೆ ಕಾಕಿ ಯಜಮಾನಿಯಾದಳು. ಖಾತೆ ಆಕೆಯ ಹೆಸರಿನಲ್ಲಿತ್ತು, ಎಟಿಎಂ ಕಾರ್ಡು ಕಾಕಾನ ಅಂಗಿಯ ಕಿಸೆಯಲ್ಲಿತ್ತು, ರೊಕ್ಕ ಬಂತೆಂಬ ಮೆಸೇಜು ಮಗನ ಮೊಬೈಲಿಗೆ ಬರುತ್ತಿತ್ತು. ಆದರೂ ಆಕೆಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. ರೊಟ್ಟಿಯ ರೊಕ್ಕ ಹಿಟ್ಟಿಗೆ, ಕಟ್ಟಿಗೆಗೆ, ಕಿರಾಣಿಗೆ ಕರಗಿಹೋಗುತ್ತಿತ್ತು. ಇದು ಹಾಗಲ್ಲ, ತನ್ನ ಹೆಸರು ಹಿಡಿದು ಬಂದ ರೊಕ್ಕ.

ನಾಗರಪಂಚಮಿಗೆ ನಾನು ಊರಿಗೆ ಹೋದಾಗ ಕಾಕಿಯ ಮನೆಯಲ್ಲೇ ಊಟ. ಕಾಕಾ, ಮಗ, ಸೊಸೆ, ನಾನು ಕೂತಿದ್ದೆವು. ಕಾಕಿ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ನನ್ನ ರೊಕ್ಕದಾಗ ನಾ ಹಲ್ಲಿನ ಸೆಟ್ ಹಾಕಿಸ್ಕೋಬೇಕಂತ ಮಾಡೇನಿ."

ಮಗ ಮೊದಲು ನಕ್ಕ. "ಈ ವಯಸ್ಸಿನಾಗ ಯಾರಿಗೆ ತೋರ್ಸಾಕ ಬೇ?"

"ವರಾ ನೋಡಾಕ ಬರ್ತಾರ ಬಿಡು" ಎಂದರು ಕಾಕಾ.

ಸೊಸೆ ಸೆರಗಿನೊಳಗೇ ನಕ್ಕಳು. ಕಾಕಿಯೂ ನಕ್ಕಳು. ನಕ್ಕ ಮೇಲೆ, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ, "ತೋರ್ಸಾಕಲ್ಲೋ ಯಪ್ಪಾ, ಅಗಿಯಾಕ" ಎಂದಳು.

ಕಾಕಾ ತಾಟು ನೋಡುತ್ತ, "ಆತ ತಗೋ, ಹಾಕಿಸ್ಕೊ" ಎಂದರು. ನಾನು ಅಲ್ಲಿದ್ದೆ. ಆಕೆ ಕೇಳಿದ್ದನ್ನೂ ಇವರು ಹೂಂ ಎಂದಿದ್ದನ್ನೂ ನನ್ನ ಕಿವಿಯಾರೆ ಕೇಳಿದ್ದೇನೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಒಂದೆರಡು ಕಂತಿನ ರೊಕ್ಕ ಕೂಡಿದ ಮೇಲೆ ಕಾಕಿ ಬಾಗಲಕೋಟೆಗೆ, ನಾನು ಕೆಲಸಕ್ಕೆ ಸೇರಿ ಉಳಿದಿದ್ದ ಮನೆಗೆ, ಬಂದಳು. "ಬಸ್ ಪುಕಟಿ ಮಾಡ್ಯಾರ, ಹಲ್ಲೂ ಪುಕಟಿ ಮಾಡಿದ್ರ ಇವರಪ್ಪನ ಗಂಟೇನ ಹೋಗತಿತ್ತು?" ಎನ್ನುತ್ತಲೇ ಒಳಗೆ ಬಂದಳು. ಹಲ್ಲಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಳಿದಿದ್ದ ನಾಲ್ಕೈದು ಹಲ್ಲನ್ನೂ ತೆಗೆದು, ವಸಡು ಮಾಯಲು ಸಮಯ ಕೊಟ್ಟು, ಆಮೇಲೆ ಕರೆದು ಬಾಯಿಯ ಅಳತೆ ತೆಗೆದುಕೊಂಡಳು. ಕಾಕಿ ಅರ್ಧ ರೊಕ್ಕ ತನ್ನ ಕೈಯಿಂದಲೇ ಕೊಟ್ಟಳು. ಉಳಿದರ್ಧ ಸೆಟ್ಟು ಒಯ್ಯುವಾಗ.

ಮತ್ತೊಂದು ಸಲ ಬಂದಾಗ, ಮೇಣದ ಮೇಲೆ ಕೂಡಿಸಿದ ಹಲ್ಲನ್ನು ಬಾಯಲ್ಲಿಟ್ಟು ಸರಿ ಕೂಡುತ್ತದೆಯೇ ಎಂದು ನೋಡಿದರು. ಡಾಕ್ಟರು ಕೈಗನ್ನಡಿ ಕೊಟ್ಟಳು. ಕಾಕಿ ಬಹಳ ಹೊತ್ತು ನೋಡಿದಳು. ಒಳಗೆ ಹೋಗಿದ್ದ ಗಲ್ಲ ತುಂಬಿಕೊಂಡಿತ್ತು. ನನ್ನ ಕಡೆ ತಿರುಗಿ, ಸೆರಗು ಎತ್ತದೆ, ಬಾಯಿ ತೆರೆದು ನಕ್ಕಳು. ನಾನು ಕಾಲೇಜಿಗೆ ಹೋಗುವ ಮೊದಲಿನ ಕಾಕಿ ಅಲ್ಲಿ ಕೂತಿದ್ದಳು.

"ಇದು ನೋಡಾಕಷ್ಟರಿ ಅಮ್ಮಾ, ತಿನ್ನಾಕಲ್ಲ. ಖರೇದು ಹದಿನೈದು ದಿನಕ್ಕ ಬರ್ತೈತಿ" ಎಂದು ಡಾಕ್ಟರು ತೆಗೆದಿಟ್ಟಳು. ದಾರಿಯಲ್ಲಿ ಕಾಕಿ ಶೇಂಗಾ ಮಾರುವವನ ಗಾಡಿಯ ಮುಂದೆ ನಿಂತಳು. "ಇವನ ಕಡೆ ಮುಂದಿನ ಸಲ" ಎಂದಳು.

ಆ ಮುಂದಿನ ಸಲ ಬರಲಿಲ್ಲ.

ಕಾಕಾನ ತಂಗಿಯನ್ನು ಕೆರೂರಿಗೆ ಕೊಟ್ಟಿದ್ದರು. ಆಕೆಯ ಸಣ್ಣ ಮಗಳ ಮದುವೆ ನಿಕ್ಕಿಯಾಯಿತು. ಕಾಕಾ ಸೋದರಮಾವ. ನಮ್ಮ ಕಡೆ ಸೋದರಮಾವ ಬರಿಗೈಯಲ್ಲಿ ಹಂದರದೊಳಗೆ ಕಾಲಿಡುವಂತಿಲ್ಲ. ಅವನ ಆಯೇರಿ, ಎಂದರೆ ಅವನು ತರುವ ಉಡುಗೊರೆ, ಎಲ್ಲರದಕ್ಕಿಂತ ಒಂದು ಕೈ ಮೇಲಿರಬೇಕು. ಅದನ್ನು ಮೈಕಿನಲ್ಲಿ ಕೂಗುತ್ತಾರೆ. ಕಾಕಾನಿಗೆ ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಅಂಜಿಕೆ. ದಿನವಿಡೀ ಸೀರೆ ಅಂಗಡಿಯಲ್ಲಿ ಕೂತು, ಯಾರು ಯಾರಿಗೆ ಎಂಥ ಆಯೇರಿ ಸೀರೆ ಕೊಂಡರು, ಕಡಿಮೆ ಬೆಲೆಯದು ತಂದವರನ್ನು ಮಂದಿ ಹೇಗೆ ಆಡಿಕೊಂಡರು ಎಂದು ಕೇಳಿ ಕೇಳಿ, ತನ್ನ ಸರದಿ ಬಂದಾಗ ಎದೆ ನಡುಗುತ್ತಿತ್ತು. ಅದು ನನಗೆ ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ.

ತಿಜೋರಿ ಕೊಡುವುದೆಂದು ತೀರ್ಮಾನವಾಯಿತು. ನಮ್ಮ ಕಡೆ ತಿಜೋರಿ ಎಂದರೆ ಕನ್ನಡಿ ಇರುವ ಉಕ್ಕಿನ ಬೀರು. ಕಾಕಿಯ ಖಾತೆ ಬರಿದಾಯಿತು.

ಸೆಟ್ಟು ತಯಾರಾಗಿದೆ ಎಂದು ಡಾಕ್ಟರ ಫೋನು ನನಗೆ ಬಂದಿತ್ತು. ಕಾಕಿಯನ್ನು ಕರೆತರಲು ಭಾನುವಾರ ನಾನೇ ಇಳಕಲ್ಲಿಗೆ ಹೋದೆ. ಹೋದಾಗಲೇ ಈ ಸುದ್ದಿ ತಿಳಿದದ್ದು. ಕಾಕಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಇದ್ದಳು. ಎರಡನೆಯ ಸಲ ಆಕೆ ಕೇಳಿದ್ದು ಆಗ.

"ತಿಜೋರಿ ಆಮ್ಯಾಲಾದ್ರೂ ಕೊಡಾಕ ಬರ್ತೈತಲ್ರಿ. ಅರ್ಧ ಕೊಟ್ಟ ಬಂದೇನಿ, ಇನ್ನರ್ಧಕ್ಕ ನಿಂತೈತಿ."

"ಹಲ್ಲೇನ ಎದ್ದ ಓಡಿ ಹೋಗ್ತಾವೇನ? ಮುಹೂರ್ತ ನಮಗಾಗಿ ನಿಂದರ್ತೈತೇನ?" ಎಂದರು ಕಾಕಾ.

ನಾನು ಸುಮ್ಮನಿರಲಿಲ್ಲ. "ಕಾಕಾ, ಅದು ಆಕಿ ಹೆಸರಿಗೆ ಬಂದ ರೊಕ್ಕರಿ" ಎಂದೆ.

"ಮನೀ ರೊಕ್ಕವ್ವಾ ಅದು. ಆಕಿ ಬ್ಯಾರೆ, ಮನಿ ಬ್ಯಾರೆ ಏನ?"

ಈ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಕೇಳಲು ಎಷ್ಟು ಚಂದ ಇದೆ ನೋಡಿ. ರೊಕ್ಕ ತರುವಾಗ ಆಕೆ ಮತ್ತು ಮನೆ ಒಂದೇ. ಟಂಟಂ ಓಡಿದರೆ ಮನೆಗೆ, ತಿಜೋರಿ ಕೊಟ್ಟರೆ ಮನೆತನಕ್ಕೆ, ಮಾಳಿಗೆ ರಿಪೇರಿಯಾದರೆ ಎಲ್ಲರ ತಲೆಗೆ. ಹಲ್ಲು ಮಾತ್ರ ಬೇರೆ. ಅದು ಆಕೆಯೊಬ್ಬಳ ಬಾಯಿಗೆ ಹೋಗುವಂಥದು, ಇನ್ನೊಬ್ಬರು ಹಂಚಿಕೊಳ್ಳಲು ಬಾರದ್ದು. ಆದ್ದರಿಂದಲೇ ಅದು ಯಾವಾಗಲೂ ಮುಂದಿನ ತಿಂಗಳಿಗೆ. ನಾನು ಕೆಲಸ ಮಾಡುವ ಪತ್ತಿನ ಸಂಘದಲ್ಲಿ ಹೆಣ್ಣುಮಕ್ಕಳಿಗೆ ಉಳಿತಾಯದ ಬಗ್ಗೆ ಆಗಾಗ ಭಾಷಣ ಮಾಡಿಸುತ್ತಾರೆ. ಅಗತ್ಯದ ಖರ್ಚು ಯಾವುದು, ಆಸೆಯ ಖರ್ಚು ಯಾವುದು ಬೇರೆ ಮಾಡಿರಿ ಎಂದು ಹೊರಗಿನಿಂದ ಬಂದವರು ತಿಳಿಹೇಳುತ್ತಾರೆ. ಬೇರೆ ಮಾಡುವುದು ಯಾರು? ಅದನ್ನು ಯಾರೂ ಹೇಳುವುದಿಲ್ಲ. ಕಾಕಿಯ ಮನೆಯಲ್ಲಿ ತಿಜೋರಿ ಅಗತ್ಯವಾಗಿತ್ತು, ಅಗಿಯುವುದು ಆಸೆಯಾಗಿತ್ತು.

ಹಿತ್ತಲಿಗೆ ಕರೆದೊಯ್ದು, ಬಾಕಿ ನಾನು ಕೊಡುತ್ತೇನೆ, ನಡೆ ಎಂದೆ. ಕಾಕಿ ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ ತಲೆಯಾಡಿಸಿದಳು.

"ಬ್ಯಾಡವ್ವಾ. ನೀ ಕೊಟ್ರ ಜೀವಮಾನ ನಾ ನಿನ್ನ ಹಲ್ಲಿಲೆ ತಿಂದಂಗಾಕ್ಕೈತಿ. ಒಂದ ಸಲ ಆದ್ರೂ ನಂದ ಅಂತ ಒಂದ ಇರ್ಲಿ."

ಎಷ್ಟು ಬಡಿದಾಡಿದರೂ ಕೇಳಲಿಲ್ಲ. ಆ ಹಟ ನನಗೆ ಹೊಸದಲ್ಲ. ಅದೇ ಹಟದಿಂದ ನನ್ನನ್ನು ಕಾಲೇಜಿಗೆ ಕಳಿಸಿದ್ದಳು. ಹಾಗಾಗಿ ಜುಲುಮೆ ಮಾಡಲು ಬಾಯಿ ಬರಲಿಲ್ಲ.

ಕೆರೂರಿನ ಮದುವೆಗೆ ನಾನೂ ಹೋಗಿದ್ದೆ. ಅಕ್ಷತೆ ಮುಗಿದ ಮೇಲೆ ಆಯೇರಿ ಶುರುವಾಯಿತು. ಮೈಕು ಹಿಡಿದವನು ಒಬ್ಬೊಬ್ಬರದೇ ಓದಿದ. "ಇಳಕಲ್ಲ ಸೋದರಮಾವನ ಕಡಿಂದ ಒಂದ ತಿಜೋರೀ..." ಎಂದು ಎಳೆದು ಕೂಗಿದ. ಮಂದಿ ತಿರುಗಿ ನೋಡಿದರು. ಕಾಕಾನ ಎದೆ ಉಬ್ಬಿತು, ರುಮಾಲು ಸರಿಮಾಡಿಕೊಂಡರು. ನನಗೆ ಮಾತ್ರ ಆ ಮೈಕಿನಲ್ಲಿ ಕಾಕಿಯ ಹಲ್ಲಿನ ಹೆಸರು ಕೇಳಿಸಿದಂತಾಯಿತು.

ತಿಜೋರಿಗೆ ಕೆಂಪು ರಿಬ್ಬನ್ ಕಟ್ಟಿ ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿದ್ದರು. ಫೋಟೋದವನು ಕಾಕಾ ಕಾಕಿಯನ್ನು ಅದರ ಮಗ್ಗುಲಲ್ಲಿ ನಿಲ್ಲಿಸಿದ. "ಅಮ್ಮಾರ, ಸೆರಗ ತಗೀರಿ, ಒಂದೀಟ ನಗ್ರಿ" ಎಂದ. ಕಾಕಿ ಸೆರಗು ತೆಗೆದಳು. ತುಟಿ ಬಿಗಿಹಿಡಿದು, ಕಣ್ಣಿನಲ್ಲಷ್ಟೇ ನಕ್ಕಳು. ತಿಜೋರಿಯ ಕನ್ನಡಿಯೊಳಗೆ ಇನ್ನೊಬ್ಬ ಕಾಕಿ, ಅವಳೂ ಬಾಯಿ ಮುಚ್ಚಿಕೊಂಡೇ ಇದ್ದಳು. ಊಟದ ಪಂಕ್ತಿಯಲ್ಲಿ ಆಕೆಯ ಎಲೆಗೆ ಬಿದ್ದ ಖಡಕ್ ರೊಟ್ಟಿಯನ್ನು ಪಕ್ಕದಲ್ಲಿದ್ದ ಹೆಂಗಸು ತಾನೇ ಎತ್ತಿಕೊಂಡು, "ನಿಮಗ ನಡ್ಯಾಂಗಿಲ್ಲಲ್ರಿ ಅಕ್ಕಾರ, ಅನ್ನಾ ಹಾಕಿಸ್ಕೊಳ್ರಿ" ಎಂದಳು. ಕನಿಕರದಿಂದಲೇ ಎಂದಳು.

ಆಮೇಲಿನ ಕಂತು ತಡವಾಗಿ ಬಂತು. ಬಂದದ್ದು ಟಂಟಂನ ಗಾಲಿಗೆ ಹೋಯಿತು. ಅದರ ಮುಂದಿನದು ಸೊಸೆಯ ಬಾಣಂತನಕ್ಕೆ ಹೋಯಿತು. ಅದಕ್ಕೆ ನಾನು ಏನನ್ನಲಿ... ಮಗು ಬರುವುದು ಯಾರ ತಪ್ಪೂ ಅಲ್ಲ. ಮೂರನೆಯ ಸಲ ಕೇಳಿದೆನೆಂದು ಕಾಕಿ ಫೋನಿನಲ್ಲಿ ನಗುತ್ತ ಹೇಳಿದಳು. "ಇವ್ರು ಏನಂದ್ರ ಗೊತ್ತೇನ? ಕೂಸಿಗೂ ಹಲ್ಲಿಲ್ಲ ನಿನಗೂ ಹಲ್ಲಿಲ್ಲ, ಜೋಡಿ ಆತ ಬಿಡು ಅಂದ್ರು."

ಮಳೆಗಾಲದಲ್ಲಿ ಕಾಕಿಗೆ ಜ್ವರ ಬಂತು. ಜ್ವರ ಎದೆಗೆ ಇಳಿಯಿತು. ದವಾಖಾನೆಗೆ ಹಾಕಿದ್ದಾರೆ ಎಂದು ಕೇಳಿ ನಾನು ಹೊರಡುವುದರೊಳಗೆ ಮುಗಿದಿತ್ತು. ಹಲ್ಲಿಲ್ಲದ್ದಕ್ಕೆ ಸತ್ತಳು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹಾಗೆ ಹೇಳಲಿಲ್ಲ. ಮೈಯಲ್ಲಿ ಶಕ್ತಿ ಇರಲಿಲ್ಲ ಎಂದಷ್ಟೇ ಹೇಳಿದರಂತೆ.

ನಮ್ಮ ಮಂದಿಯ ರಿವಾಜಿನಂತೆ ಕಾಕಿಯನ್ನು ಅಂಗಳದಲ್ಲಿ ಕೂಡಿಸಿದ್ದರು. ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ಕುಂಕುಮ. ಗಂಡನಿಗಿಂತ ಮೊದಲು ಹೋದ ಪುಣ್ಯವಂತಿ ಎಂದು ಹೆಂಗಸರು ಉಡಿ ತುಂಬಿದರು. ಬಂದ ಬಂದ ಬೀಗರೆಲ್ಲ ಸೀರೆ ಹೊದಿಸಿದರು, ಒಂದರ ಮೇಲೊಂದು. ಕೆರೂರಿನ ನಾದಿನಿ ವೈನೀ ಎಂದು ಅತ್ತಿಗೆಯನ್ನು ಕರೆಯುತ್ತ ಎದೆ ಬಡಿದುಕೊಂಡು ಅತ್ತಳು. ಅಳುವಿನ ನಡುವೆಯೇ ಅಣ್ಣನನ್ನು ಕರೆದಳು.

"ಯಣ್ಣಾ, ಬಾಯಾಗ ಬಂಗಾರ ಇಡಬೇಕು. ಬಾಯಿ ಬರಿದ ಕಳಸಬಾರ್ದು ವೈನಿನ್ನ."

ಕಾಕಾ ಕಿಸೆಗೆ ಕೈ ಹಾಕಿದರು. ಮಗ ಟಂಟಂ ತೆಗೆದುಕೊಂಡು ಅಕ್ಕಸಾಲಿಗನ ಅಂಗಡಿಗೆ ಹೋದ. ಗುಂಜಿಯಷ್ಟು ಬಂಗಾರ ಬಂತು. ಯಾರೂ ಮುಂದಿನ ತಿಂಗಳು ಎನ್ನಲಿಲ್ಲ. ಈ ವಯಸ್ಸಿನಲ್ಲಿ ಯಾಕೆ ಎನ್ನಲಿಲ್ಲ. ನಾದಿನಿ ಬೆರಳಿನಿಂದ ಆ ಬೊಚ್ಚು ಬಾಯಿ ತೆರೆದು ಬಂಗಾರ ಇಟ್ಟು, ಮತ್ತೆ ಮುಚ್ಚಿದಳು. ನಾನು ಗೋಡೆ ಹಿಡಿದು ನಿಂತಿದ್ದೆ. ಕೂಗಬೇಕೆನಿಸಿತು.

ಕಾಕಾ ನನ್ನನ್ನು ಕಂಡು ಹತ್ತಿರ ಬಂದರು. ಮುಖ ಇಳಿದುಹೋಗಿತ್ತು, ನಾಟಕವಲ್ಲ, ಖರೆ ದುಃಖ. "ಇಂಥಾಕಿ ಸಿಗಂಗಿಲ್ಲವ್ವಾ. ಇದ್ದದ್ದರಾಗ ಹೊಂದಿಸ್ಕೊಂಡ ಹೋದ್ಲು. ಒಂದ ದಿನ ನನಗ ಇದು ಬೇಕು ಅಂತ ಬಾಯಿಬಿಟ್ಟ ಕೇಳಿಲ್ಲ" ಎಂದರು. ಸುತ್ತಲಿದ್ದವರು ಹೌದೌದೆಂದು ತಲೆಯಾಡಿಸಿದರು.

"ಕೇಳಿದ್ಲು ಕಾಕಾ. ಹಲ್ಲು ಕೇಳಿದ್ಲು. ನಾ ಇದ್ದೆ" ಎಂದೆ.

ಹಿಂದಿನಿಂದ ಯಾರೋ, "ಓದಿದ ಹುಡುಗ್ಯಾರ ನಾಲಿಗಿ ನೋಡ್ರಿ, ಹೊತ್ತು ಗೊತ್ತು ಏನರ ಐತೇನು" ಎಂದರು. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ಕಾಕಾ ನೆಲ ನೋಡುತ್ತ ನಿಂತೇ ಇದ್ದರು. ಆಡಿದ ಮಾತಿಗೆ ನನಗೆ ಅಂದೂ ಪಶ್ಚಾತ್ತಾಪವಾಗಲಿಲ್ಲ, ಇಂದೂ ಇಲ್ಲ.

ಬಾಗಲಕೋಟೆಗೆ ಬಂದ ಮೇಲೆ ಹಲ್ಲಿನ ದವಾಖಾನೆಗೆ ಹೋದೆ. ಸುದ್ದಿ ಹೇಳಿದೆ. ಡಾಕ್ಟರು ಕಪಾಟಿನಿಂದ ಒಂದು ಡಬ್ಬಿ ತೆಗೆದು ತೋರಿಸಿದಳು. ಗುಲಾಬಿ ಬಣ್ಣದ ವಸಡು, ಅದರಲ್ಲಿ ಸಾಲಾಗಿ ಹಲ್ಲು. ಬಡವರು ಯಾರಿಗಾದರೂ ಕೊಡಲು ಬರುತ್ತದೆಯೇ ಎಂದು ಕೇಳಿದೆ. "ಇಲ್ರಿ ಮೇಡಂ. ಇವು ಅವರ ಬಾಯಿಗಷ್ಟ. ಮತ್ತ ಯಾರಿಗೂ ಕೂಡೂದಿಲ್ಲ" ಎಂದಳು.

ಇದೆಲ್ಲ ಆಗಿ ವರ್ಷ ದಾಟಿದೆ. ಇಳಕಲ್ಲಿಗೆ ಹೋದರೆ ನಸುಕಿನಲ್ಲಿ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುವುದಿಲ್ಲ. ಮಲಗಿದ್ದವಳು ಅದಕ್ಕೇ ಎಚ್ಚರಾಗುತ್ತೇನೆ, ಸಪ್ಪಳ ಇಲ್ಲದ್ದಕ್ಕೆ. ಓಣಿಯ ಹೆಂಗಸರು ಈಗ ತಮ್ಮ ಸೊಸೆಯಂದಿರಿಗೆ ಕಾಕಿಯ ಉದಾಹರಣೆ ಕೊಡುತ್ತಾರೆ. ಏನೂ ಕೇಳದೆ ಬದುಕಿದಾಕೆಯಂತೆ. ಸತ್ತವಳ ಬಾಯಿಂದ ಆಕೆ ಕೇಳಿದ ಒಂದೇ ಒಂದು ಮಾತನ್ನೂ ಕಿತ್ತುಕೊಂಡರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಈ ರೊಟ್ಟಿಯ ಪಾಕೀಟು ಕೊಂಡ ಮರುವಾರ ಊರಿಗೆ ಹೋಗಿದ್ದೆ. ಕಾಕಿಯ ಸೊಸೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಒಂದು ಗಲ್ಲ ಊದಿತ್ತು. ಏನಾಯಿತು ಎಂದೆ.

"ದವಡಿ ಹಲ್ಲ ಅಕ್ಕಾ. ಯಾಡ ವಾರಾತು." ಸುತ್ತ ನೋಡಿ ದನಿ ತಗ್ಗಿಸಿದಳು. "ಬಾಗಲಕೋಟ್ಯಾಗ ತೆಗಸಾಕ ಎಷ್ಟ ತಗೋತಾರ?"

"ತೆಗಸೂದ ಯಾಕ ಕೇಳ್ತಿ? ಉಳಸಾಕ ಎಷ್ಟಂತ ಕೇಳ."

"ಅದು ತುಟ್ಟಿ ಅಂತಾರಲ್ಲ. ಈಗ ಮನ್ಯಾಗ ಕೇಳಾಕೂ..." ಆಕೆ ಕೂಸಿನ ಟೊಪ್ಪಿಗೆ ಸರಿಮಾಡಿದಳು. "ನಮ್ಮತ್ತಿ ಒಂದ ದಿನ ಏನೂ ಕೇಳಿದಾಕಿ ಅಲ್ಲ ಅಂ‌ತ ಮಾತ ಮಾತಿಗೆ ಅಂತಾರ."

"ನೀನ ಇದ್ದೆಲ್ಲ ಪಂಚಮಿ ದಿನ. ನಕ್ಕಿದ್ದಿ ನೀ."

ಆಕೆ ನನ್ನ ಮುಖ ನೋಡಿದಳು. ನೆನಪಾಗಿತ್ತು. ಒಳಗೆ ಕಾಕಾ ಮತ್ತು ಮಗ ಚಹಾ ಕುಡಿಯುತ್ತ ಕೂತಿದ್ದರು. ಆಕೆ ಎದ್ದು, ಕೂಸನ್ನು ನನ್ನ ಕೈಗೆ ಕೊಟ್ಟು, ಹೊಸ್ತಿಲಲ್ಲಿ ನಿಂತು, ಊದಿದ ಬಾಯಲ್ಲೇ ಹೇಳಿದಳು.

"ನನಗ ನಾಳೆ ಬಾಗಲಕೋಟಿಗೆ ಹೋಗೂದೈತ್ರಿ. ಹಲ್ಲ ಉಳಿಸ್ಕೊಳ್ಳೂದೈತಿ."

ಮಗ ಏನೋ ಹೇಳಲು ಬಾಯಿ ತೆರೆದ. ಕಾಕಾ ಅವನ ಮೊಣಕಾಲ ಮೇಲೆ ಕೈಯಿಟ್ಟು ತಡೆದರು. ಯಜಮಾನಿಯ ರೊಕ್ಕ ಈಗ ಸೊಸೆಯ ಖಾತೆಗೆ ಬರುತ್ತಿತ್ತು. ಅದರ ಕಾರ್ಡನ್ನು ಅಂಗಿಯ ಕಿಸೆಯಿಂದ ತೆಗೆದು ಆಕೆಯ ಕಡೆ ಚಾಚಿದರು, ಆಕೆಯ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಆ ಕೈಯನ್ನು ನೋಡುತ್ತ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸುಲಭದ ಕೆಲಸ ಅದು. ಒಂದು ಕೈ ಮುಂದೆ ಚಾಚುವಷ್ಟು. ಕಾಕಿ ಮೂರು ಸಲ ಕೇಳಿದ್ದಳು.